ಮೊದಲ ನೀರು

ಬೀಗ ಬಿದ್ದ ಸದ್ದು ನನಗೆ ಕೇಳಿಸಿತ್ತು. ಆದರೆ ಕೈ ನೀರಿನಲ್ಲಿರುವಾಗ ಬೆನ್ನ ಹಿಂದಿನ ಸದ್ದಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಗಾಳಿಗೆ ಕದ ಬಡಿದಿರಬೇಕು ಅಂದುಕೊಂಡು ಬಟ್ಟೆಯನ್ನು ಇನ್ನೊಂದು ಸಲ ಮೆಲ್ಲಗೆ ಉಜ್ಜಿದೆ.

ಅದು ಚರ್ಚಿನ ವೇದಿಯ ಮೇಲೆ ಹಾಸುವ ಬಿಳಿ ಬಟ್ಟೆ. ಹಿಂದಿನ ಭಾನುವಾರ ಎಲ್ಲರಿಗೂ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನದ ನಡುವೆಯೇ ಗಂಡಸರು ಜಗಳಕ್ಕೆ ಬಿದ್ದು, ಯಾರದೋ ಮೊಣಕೈ ತಗುಲಿ ಬಟ್ಟಲು ಉರುಳಿ, ದ್ರಾಕ್ಷಾರಸವೆಲ್ಲ ಅದರ ಮೇಲೆ ಚೆಲ್ಲಿತ್ತು. ಯಾರ ಮೊಣಕೈ ಅನ್ನುವುದಕ್ಕೆ ಇನ್ನೊಂದು ಜಗಳವಾಯಿತು. ಆಮೇಲೆ ಎಲ್ಲರೂ ಎದ್ದು ಹೋದರು. ಬಟ್ಟೆ ಅಲ್ಲೇ ಒಣಗಿತು. ವಾರವಿಡೀ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಈ ಚರ್ಚು ಯಾರದು? ನನ್ನ ತಲೆಯೊಳಗೆ ಓಡುತ್ತಿದ್ದದ್ದು ಬೇರೆ: ಈ ಕಲೆ ಇನ್ನು ಹೋಗುತ್ತದೋ ಇಲ್ಲವೋ.

ಆ ಬಟ್ಟೆಗಳನ್ನು ಒಗೆಯುವುದಕ್ಕೆ ಒಂದು ಕ್ರಮವಿದೆ. ಮೊದಲ ನೀರಿನಲ್ಲಿ ಅದ್ದುವುದು ಚರ್ಚಿನ ಒಳಗೇ ಆಗಬೇಕು, ಸೋಪು ಮುಟ್ಟಿಸಬಾರದು. ಆ ನೀರನ್ನು ಚರಂಡಿಗೆ ಚೆಲ್ಲುವ ಹಾಗಿಲ್ಲ. ಅದರಲ್ಲಿ ಪ್ರಭುವಿನ ಬಟ್ಟಲಿನ ಹನಿ ಸೇರಿರುತ್ತದಲ್ಲ; ಯಾರೂ ತುಳಿಯದ ಕಡೆ ಮಣ್ಣಿಗೇ ಹಾಕಬೇಕು. ನನ್ನ ಅಮ್ಮ ಅದನ್ನು ಅಂಗಳದ ಗುಲಾಬಿ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಅವಳ ನಂತರ ನಾನೂ ಅಲ್ಲಿಗೇ ಹಾಕುತ್ತಾ ಬಂದೆ. ಎರಡನೇ ನೀರಿನಿಂದ ಅದು ಬರೀ ಬಟ್ಟೆ. ಮನೆಗೆ ಒಯ್ದು ಹೇಗೆ ಬೇಕಾದರೂ ಒಗೆಯಬಹುದು.

ಬಟ್ಟೆ ಹಿಂಡಿ ಮಡಚಿಟ್ಟು, ಬೋಗುಣಿಯ ಮೇಲೆ ತಟ್ಟೆ ಮುಚ್ಚಿ ಎತ್ತಿಕೊಂಡು ವೆಸ್ಟ್ರಿಗೆ ಬಂದೆ. ವೆಸ್ಟ್ರಿ ಅಂದರೆ ವೇದಿಯ ಹಿಂದೆ ಪಾದ್ರಿಗಳು ನಿಲುವಂಗಿ ತೊಡುವ ಚಿಕ್ಕ ಕೋಣೆ. ಅದಕ್ಕೆ ಹೊರಗೆ ತೆರೆಯುವ ಒಂದು ಬಾಗಿಲು. ಮೊಣಕೈಯಿಂದ ತಳ್ಳಿದೆ. ಬಾಗಿಲು ಒಂದು ಬೆರಳಿನಷ್ಟು ಜರುಗಿ ನಿಂತಿತು. ಸಂದಿಯಲ್ಲಿ ಹೊಚ್ಚ ಹೊಸ ಬೀಗ ಹೊಳೆಯುತ್ತಿತ್ತು.

ನಾನು ಬರುವಾಗ ಹಳೆಯ ಬೀಗ ತೆಗೆದು ಚಿಲಕಕ್ಕೆ ನೇತುಹಾಕಿ ಒಳಗೆ ಬಂದಿದ್ದೆ. ಆ ಬೀಗವನ್ನು ಬದಲಾಯಿಸುವ ಮನುಷ್ಯ ಜಗತ್ತಿನಲ್ಲಿ ಒಬ್ಬರೇ ಇದ್ದರು, ಅವರು ನನ್ನ ಯಜಮಾನರು.

ಆಗಿದ್ದು ಇಷ್ಟು. ನಮ್ಮ ಪಾದ್ರಿಗಳನ್ನು ಬಿಷಪ್ಪರು ವರ್ಗ ಮಾಡಿದ್ದರು. ಹೋಗಲಿ, ಹೊಸಬರು ಬರಲಿ, ಚರ್ಚು ಬಿಷಪ್ಪರ ಅಧೀನದಲ್ಲಿರುವುದು, ಅವರು ಹೇಳಿದ ಮೇಲೆ ಮುಗಿಯಿತು ಅನ್ನುವವರಿಗೆ ನನ್ನ ಯಜಮಾನರು ಮುಖಂಡರು. ಅವರು ಮೇಷ್ಟ್ರು, ಸಭಾ ಕಮಿಟಿಯ ಕಾರ್ಯದರ್ಶಿ. ಮನೆಯಲ್ಲೂ ಮಾತಾಡುವಾಗ ಎದುರಿಗೆ ಬೋರ್ಡು ಇದೆಯೇನೋ ಅನ್ನುವ ಹಾಗೆ ಗೋಡೆ ನೋಡಿಕೊಂಡು ಮಾತಾಡುತ್ತಾರೆ. ಪಾದ್ರಿ ಹೋಗಕೂಡದು, ಇದರ ಕಲ್ಲು ಹೊತ್ತವರು ನಮ್ಮ ತಾತಂದಿರು, ಚರ್ಚು ನಮ್ಮದು ಅನ್ನುವವರಿಗೆ ನನ್ನ ಒಡಹುಟ್ಟಿದ ಅಣ್ಣ ಮುಖಂಡ. ಅವನದು ಪ್ರಿಂಟಿಂಗ್ ಪ್ರೆಸ್ಸು. ಹಾಗಾಗಿ ಅವನ ಮಾತೆಲ್ಲ ಕರಪತ್ರವಾಗಿ ಬಾಗಿಲು ಬಾಗಿಲಿಗೂ ಬಂದು ಬೀಳುತ್ತಿತ್ತು. ಪಾದ್ರಿಗಳು ಮಾತ್ರ “ನೀವು ನೀವೇ ತೀರ್ಮಾನ ಮಾಡ್ಕೊಂಡು ಹೇಳಿ ಕಳಿಸಿ” ಅಂತ ತಮ್ಮ ತಂಗಿಯ ಮನೆಗೆ ಹೋಗಿ ಕೂತರು.

ವಾರದ ನಡುವೆ ಅಣ್ಣನ ಕಡೆಯವರು ಮುಂಬಾಗಿಲಿಗೆ ಸರಪಳಿ ಬಿಗಿದರು. ಅದಕ್ಕೆ ಉತ್ತರವಾಗಿ ಈಗ ಯಜಮಾನರು ಹಿಂಬಾಗಿಲಿಗೆ ಬೀಗ ಹಾಕಿದ್ದರು. ಇದ್ದ ಎರಡು ಬಾಗಿಲಿಗೂ ಒಬ್ಬೊಬ್ಬರದು ಒಂದೊಂದು ಬೀಗ, ನಡುವೆ ನಾನು ಮತ್ತು ನನ್ನ ಬೋಗುಣಿ.

ಬಾಗಿಲು ಬಡಿದೆ. ಅವರು ದೂರ ಹೋಗಿರಲಿಲ್ಲ.

“ಯಾರದು ಒಳಗೆ?” ಅಂದರು ಯಜಮಾನರು, ಕ್ಲಾಸಿನಲ್ಲಿ ಗಲಾಟೆ ಮಾಡಿದವರನ್ನು ಕೇಳುವ ಹಾಗೆ.

“ನಾನು.”

“ನಾನು ಅಂದ್ರೆ?”

“ಇಷ್ಟು ವರ್ಷ ಆದ್ಮೇಲೂ ಗೊತ್ತಾಗಲ್ವಾ? ನಾನ್ರೀ. ಬಟ್ಟೆ ಒಗೆಯೋಕೆ ಬಂದಿದ್ದೆ.”

“ಅಯ್ಯೋ ದೇವರೇ! ಬೀಗ ತೆಗೆದಿದ್ದು ನೋಡಿ, ನೀನು ನಿನ್ನೆ ಹೂವು ಇಟ್ಟು ಮರೆತು ಹೋಗಿದ್ದೀಯ ಅಂದ್ಕೊಂಡೆ.” ಕೀಲಿಕೈ ಜೇಬಿನಿಂದ ಬಂದ ಸದ್ದು ಕೇಳಿತು. ಬೀಗಕ್ಕೆ ತಗುಲಿದ ಸದ್ದೂ ಕೇಳಿತು. ಆಮೇಲೆ ಇನ್ನೊಂದು ಸದ್ದು, ಓಡಿ ಬರುವ ಕಾಲುಗಳದ್ದು.

“ತೆಗೀರಿ ಭಾವ, ತೆಗೀರಿ!” ಅಣ್ಣನ ದನಿ. “ಬಾಗಿಲು ತೆಗೆದ್ರೆ ನಾವೂ ಒಳಗೆ ಬರ್ತೀವಿ. ಇದೇನು ನಿಮ್ಮಪ್ಪನ ಮನೇನಾ?”

“ನಿನ್ನ ತಂಗಿ ಒಳಗೆ ಸಿಕ್ಕಿಹಾಕ್ಕೊಂಡಿದ್ದಾಳೆ ಕಣಯ್ಯ!”

“ನನ್ನ ತಂಗೀನ ಒಳಗೆ ಹಾಕಿ ಬೀಗ ಹಾಕಿದ್ರಾ?”

“ನಿನ್ನ ಸರಪಳಿ ತೆಗಿ, ಮುಂದಿನಿಂದ ಬರಲಿ.”

“ನಿಮ್ಮವರು ನುಗ್ಗಲಿ ಅಂತಾನಾ? ಅದಾಗಲ್ಲ.”

ಸಂದಿಯಲ್ಲಿ ಒಂದು ಕಪ್ಪು ಕೋಟು ಅಡ್ಡ ಬಂತು. ಯಜಮಾನರ ಕಡೆಯ ವಕೀಲರು. ಅವರದು ಜ್ವರ ಬಂದವರಿಗೆ ಸಮಾಧಾನ ಹೇಳುವಂಥ ದನಿ. “ಮೇಷ್ಟ್ರೇ, ಆತುರ ಬೇಡ. ಸೋಮವಾರ ಬೆಳಿಗ್ಗೆ ಕೋರ್ಟಿನಿಂದ ಅಧಿಕಾರಿ ಬರ್ತಾರೆ. ಕಟ್ಟಡ ಯಾರ ವಶದಲ್ಲಿದೆ ಅಂತ ನೋಡಿ ಬರ್ಕೊಳ್ತಾರೆ. ಕಾರ್ಯದರ್ಶಿಗಳ ಪತ್ನಿಯೇ ಒಳಗಿದ್ದಾರೆ ಅಂದ್ರೆ ಇನ್ನೇನು ಬೇಕು? ದೇವರೇ ಕೂರಿಸಿದ ಹಾಗಿದೆ.”

“ಅವಳು ಅವರ ಹೆಂಡತಿ ಆಗೋಕ್ಕಿಂತ ಮುಂಚೆ ನನ್ನ ತಂಗಿ!” ಅಂತ ಅಣ್ಣ ಕೂಗಿದ. “ಕಲ್ಲು ಹೊತ್ತವನ ಮೊಮ್ಮಗಳು. ಒಳಗಿರೋದು ನಮ್ಮ ಪರವಾಗಿ!”

ನಾನು ಬೋಗುಣಿ ಹಿಡಿದು ಕತ್ತಲ ಸಂದಿಯಲ್ಲಿ ನಿಂತಿದ್ದೆ. ನಾನು ಯಾರ ಪರವಾಗಿ ಒಳಗಿದ್ದೇನೆ ಅಂತ ಹೊರಗಿದ್ದವರು ಚರ್ಚೆ ಮಾಡುತ್ತಿದ್ದರು. ನನ್ನನ್ನು ಒಬ್ಬರೂ ಕೇಳಲಿಲ್ಲ. ಕೀಲಿಕೈ ಮತ್ತೆ ಜೇಬಿಗಿಳಿದ ಸದ್ದು ಬಂತು.

*

ನಮ್ಮ ಚರ್ಚಿನ ಕಿಟಕಿಗಳೆಲ್ಲ ಎತ್ತರದಲ್ಲಿವೆ, ಬಣ್ಣದ ಗಾಜಿನವು. ಕೈಗೆಟಕುವುದು ಒಂದೇ ಒಂದು, ವೇದಿಯ ಪಕ್ಕದ್ದು. ಹಿಂದೊಮ್ಮೆ ಕಳ್ಳರು ಬಂದು ದೀಪದ ಕಂಬ ಕದ್ದ ಮೇಲೆ ಅಣ್ಣನೇ ಮುಂದೆ ನಿಂತು ಅದಕ್ಕೆ ಕಬ್ಬಿಣದ ಗ್ರಿಲ್ ಹಾಕಿಸಿದ್ದ. ಶನಿವಾರ ಸಂಜೆಯಿಂದ ಆ ಕಿಟಕಿಯೇ ನನ್ನ ಪ್ರಪಂಚವಾಯಿತು. ಅದರ ಬಲಕ್ಕೆ, ಮುಂಬಾಗಿಲಿನ ಹತ್ತಿರ, ಅಣ್ಣನವರು ಟಾರ್ಪಾಲಿನ್ ಕಟ್ಟಿ ಕೂತರು. ಎಡಕ್ಕೆ, ಹಿಂಬಾಗಿಲಿನ ಹತ್ತಿರ, ಯಜಮಾನರ ಕಡೆಯವರು ಶಾಲೆಯಿಂದ ಬೆಂಚು ತಂದು ಹಾಕಿಕೊಂಡರು.

ಬೋಗುಣಿಯ ನೀರನ್ನು ಕಿಟಕಿಯಿಂದ ಸುರಿಯುವ ಹಾಗಿರಲಿಲ್ಲ. ಕೆಳಗೆ ಸಿಮೆಂಟಿನ ದಾರಿ, ಜನ ಓಡಾಡುವ ಜಾಗ. ಗುಲಾಬಿ ಗಿಡ ಅದರಾಚೆ, ನಾಲ್ಕು ಹೆಜ್ಜೆ ದೂರದಲ್ಲಿ. ಬೋಗುಣಿಯನ್ನು ವೇದಿಯ ಮೆಟ್ಟಿಲ ಮೇಲೆ ಇಟ್ಟು ಮತ್ತೆ ತಟ್ಟೆ ಮುಚ್ಚಿದೆ.

ಬಿಸಿಲು ಇಳಿಯುವ ಹೊತ್ತಿಗೆ ಯಜಮಾನರು ಒಬ್ಬರೇ ಬಂದರು. ಕಂಬಿಯ ಸಂದಿಯಿಂದ ನನ್ನ ಸ್ವೆಟರು ತೂರಿಸಿದರು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕನ್ನಡಕ, ಕೊನೆಗೆ ನನ್ನ ಬಿ.ಪಿ. ಮಾತ್ರೆ.

“ಊಟ ಆದ್ಮೇಲೆ ತಗೋ. ಮರೀಬೇಡ.”

“ಕೀ ನಿಮ್ಮ ಜೇಬಲ್ಲಿದೆ ಅಲ್ವಾ?”

ಅವರ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. “ನೋಡು, ನಂಗೇನು ಖುಷೀನಾ? ನಾನು ಬಾಗಿಲು ತೆಗೆದ ತಕ್ಷಣ ನಿನ್ನಣ್ಣನ ಕಡೆಯವರು ನುಗ್ತಾರೆ. ಏಟಾಗುತ್ತೆ, ತಲೆ ಒಡೆಯುತ್ತೆ. ಒಂದು ದಿನದ ಮಾತು. ದೇವರ ಮನೇಲಿ ಇರೋಕೇನು ಕಷ್ಟ?”

“ಕಷ್ಟ ಏನು ಅಂತ ಹೇಳ್ಲಾ?” ನಾನು ದನಿ ತಗ್ಗಿಸಿದೆ. “ಇಲ್ಲಿ ಬಚ್ಚಲಿಲ್ಲ.”

ಯಜಮಾನರು ಗೋಡೆ ನೋಡಿದರು. “ಏನಾದ್ರೂ... ನೋಡ್ಕೋ.”

“ಏನು ನೋಡ್ಕೊಳ್ಲಿ?”

“ಸೋಮವಾರ ಅಧಿಕಾರಿ ಕೇಳಿದ್ರೆ ಒಂದೇ ಮಾತು ಹೇಳು, ಕಮಿಟಿ ಹೇಳಿದ್ದಕ್ಕೆ ಒಳಗಿದ್ದೀನಿ ಅಂತ. ಅಷ್ಟೇ. ನಿಂಗೇನು, ಒಂದು ಮಾತು ತಾನೇ?”

ಅವರು ಹೋದ ಮೇಲೆ ಅಣ್ಣ ಬಂದ. ಅವನ ಕೈಯಲ್ಲಿ ಫ್ಲಾಸ್ಕು. ಚಹಾವನ್ನು ಮುಚ್ಚಳಕ್ಕೆ ಬಗ್ಗಿಸಿ ಕಂಬಿಯೊಳಗಿಂದ ಕೊಟ್ಟ. ಅದನ್ನು ಅವನು ಹಿಡಿದಿದ್ದ ರೀತಿಗೇ ನನಗೆ ಕಣ್ಣು ತುಂಬಿತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ನನಗೆ ಹಾಲು ಕುಡಿಸುತ್ತಿದ್ದದ್ದು ಹಾಗೇ.

“ಪುಟ್ಟೀ, ಭಯ ಬೇಡ. ನಾವಿಲ್ಲೇ ಇದ್ದೀವಿ.”

“ನೀವಿಲ್ಲೇ ಇರೋದೇ ನನ್ನ ಭಯ. ಸರಪಳಿ ತೆಗಿ ಅಣ್ಣಾ, ಮನೆಗೆ ಹೋಗ್ತೀನಿ.”

“ತೆಗೀತೀನಿ. ಸೋಮವಾರ ಅಧಿಕಾರಿ ಮುಂದೇನೇ ತೆಗೀತೀನಿ. ನೀನು ಆಚೆ ಬಂದು, ಇದು ನಮ್ಮ ತಾತ ಕಟ್ಟಿದ್ದು ಸ್ವಾಮೀ, ಅದಕ್ಕೆ ನಾನು ಕಾವಲಿದ್ದೆ ಅಂತ ಹೇಳ್ಬೇಕು. ನೆನಪಿದ್ಯಾ, ಕಣ್ಣಾಮುಚ್ಚಾಲೆ ಆಡುವಾಗ ನೀನು ಎಷ್ಟು ಗಟ್ಟಿಯಾಗಿ ಕೂರ್ತಿದ್ದೆ?”

ನೆನಪಿತ್ತು. ನನ್ನನ್ನು ಅಮ್ಮನ ಬಟ್ಟೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟು, ಮುಚ್ಚಳ ಹಾಕಿ, ಹಸಿವಾಯಿತೆಂದು ಅವನು ಊಟಕ್ಕೆ ಹೋಗಿಬಿಟ್ಟಿದ್ದ. ಯಾರೋ ಹುಡುಕಿ ಬರುತ್ತಾರೆ ಅಂತ ನಾನು ಉಸಿರು ಬಿಗಿಹಿಡಿದು ಕೂತೇ ಇದ್ದೆ. ಕೂಗಿದರೆ ಆಟದಲ್ಲಿ ಸೋತ ಹಾಗಲ್ಲವೇ.

“ಊಟ ಮಾಡಿ ಬಂದ್ಯಾ?” ಅಂತ ಕೇಳಿದೆ.

“ಹ್ಞೂಂ, ಈಗಷ್ಟೇ,” ಅಂದ ಅಣ್ಣ. ಅವನಿಗೆ ಏನೂ ಹೊಳೆಯಲಿಲ್ಲ.

ಆ ರಾತ್ರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಹೂಜಾಡಿ ತೊಳೆಯುವ ಹಳೆಯ ಬಕೆಟ್ಟನ್ನು ಹಾಡುಗಾರರ ಪರದೆಯ ಹಿಂದೆ ಇಟ್ಟುಕೊಂಡೆ. ಅಷ್ಟು ಹೇಳಿದರೆ ಹೆಂಗಸರಿಗೆ ಅರ್ಥವಾಗುತ್ತದೆ. ನಾಚಿಕೆಯಿಂದ ಅಳು ಬಂತು, ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಕಲ್ಲು ಹೊತ್ತವರಿಗೆ, ಆದೇಶ ಬರೆದವರಿಗೆ, ಇಲ್ಲಿಗೆ ಹೆಂಗಸರೂ ಬರುತ್ತಾರೆ ಅನ್ನುವುದು ಒಂದು ಸಲವೂ ಹೊಳೆದಿರಲಿಲ್ಲವೇನೋ.

ಬೆಳಕು ಹರಿದಾಗ ಬೆಂಚುಗಳ ನಡುವೆ ಸುಮ್ಮನೆ ಓಡಾಡಿದೆ. ಈ ಬೆಂಚುಗಳನ್ನು ಒರೆಸಿ ಒರೆಸಿ ನನ್ನ ಕೈಗೆ ಪ್ರತಿಯೊಂದೂ ಪರಿಚಯ. ಇಲ್ಲಿ ಕೈ ಊರಿ ಏಳುವ ಮುದುಕಿಯ ಹಸ್ತಕ್ಕೆ ಮರ ನುಣುಪಾಗಿದೆ. ಇಲ್ಲಿ ಯಾರೋ ಪಾದ್ರಿಗಳ ಪ್ರಸಂಗದ ಹೊತ್ತಿಗೆ ಉಗುರಿನಿಂದ ಮೀನು ಕೊರೆದಿದ್ದಾರೆ. ಇಲ್ಲಿ ಅಣ್ಣ ಕೂರುತ್ತಾನೆ, ಅಲ್ಲಿ ಯಜಮಾನರು. ಇಬ್ಬರ ಜಾಗವೂ ಸವೆದಿದೆ, ಒಂದೇ ಥರ. ನನ್ನ ಜಾಗ ಯಾವುದು ಅಂತ ಹುಡುಕಿದೆ. ಮದುವೆಗೆ ಮುಂಚೆ ಅಪ್ಪನ ಬೆಂಚು, ಆಮೇಲೆ ಯಜಮಾನರ ಬೆಂಚು. ಪ್ರತಿ ಭಾನುವಾರ ಹೂವು ಸರಿಮಾಡಿ ಬರುವಷ್ಟರಲ್ಲಿ ಬೆಂಚು ತುಂಬಿರುತ್ತಿತ್ತು. ನಾನು ತುದಿಯಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ ಕೂರುತ್ತಿದ್ದೆ. ತುದಿಗಳು ಯಾರ ಮೈಗೂ ಸವೆಯುವುದಿಲ್ಲ.

ಈಗ ಇಡೀ ಚರ್ಚು ನನ್ನೊಬ್ಬಳದೇ ಆಗಿತ್ತು. ಮೊದಲನೇ ಸಾಲಿನ ನಟ್ಟನಡುವೆ ಹೋಗಿ ಕೂತೆ. ಪ್ರಾರ್ಥನೆ ಮಾಡೋಣವೆಂದು ಕಣ್ಣು ಮುಚ್ಚಿದರೆ ಏನೂ ಬರಲಿಲ್ಲ. ನನ್ನ ಉಸಿರೇ ನನಗೆ ದೊಡ್ಡದಾಗಿ ಕೇಳಿ ಹೆದರಿಕೆಯಾಯಿತು. ವೇದಿ ಇತ್ತು, ಬಟ್ಟಲು ಇತ್ತು, ಶಿಲುಬೆ ಇತ್ತು. ಜನ ಖಾಲಿಯಾದ ಮದುವೆ ಮನೆಯ ಹಾಗೆ ಎಲ್ಲವೂ ಇತ್ತು.

*

ಭಾನುವಾರದ ಆರಾಧನೆಯ ಹೊತ್ತಿಗೆ ಜನ ಬಂದರು. ಬೀಗ ಬಿದ್ದಿದೆ ಅಂತ ಗೊತ್ತಿದ್ದರೂ ಬಂದರು. ಭಾನುವಾರ ಬೆಳಿಗ್ಗೆ ಬೇರೆ ಎಲ್ಲಿಗೆ ಹೋಗಬೇಕು ಅನ್ನುವುದು ಅವರ ಕಾಲುಗಳಿಗೆ ತಿಳಿದಿರಲಿಲ್ಲ. ಗಂಡಸರು ಎರಡು ಗುಂಪಾಗಿ, ಒಂದು ಮುಂಬಾಗಿಲಿನ ಕಡೆ, ಇನ್ನೊಂದು ಹಿಂಬಾಗಿಲಿನ ಕಡೆ ಹೋಗಿ ನಿಂತರು. ಹೆಂಗಸರಿಗೆ ನಿಲ್ಲುವುದಕ್ಕೆ ಎರಡೂ ಕಡೆ ಜಾಗವಾಗಲಿಲ್ಲವೋ, ನನ್ನನ್ನು ನೋಡಬೇಕೆನಿಸಿತೋ, ಒಬ್ಬೊಬ್ಬರಾಗಿ ಕಿಟಕಿಯ ಹತ್ತಿರ ಬಂದರು.

ಎಲ್ಲರಿಗಿಂತ ಮುಂಚೆ ಬಂದಿದ್ದು ನನ್ನ ಅತ್ತೆ. ಯಜಮಾನರ ತಾಯಿ. ಕಣ್ಣು ಮಂಜು, ನಾಲಿಗೆ ಮಾತ್ರ ಹೊಸ ಬ್ಲೇಡು. ಅವರ ಕೈ ಹಿಡಿದುಕೊಂಡು ಬಂದವಳು ನನ್ನ ಅತ್ತಿಗೆ, ಅಣ್ಣನ ಹೆಂಡತಿ, ಬಟ್ಟೆ ಹೊಲಿಯುವವಳು. ವಾರದಿಂದ ಎರಡು ಮನೆಗೂ ಮಾತಿಲ್ಲ. ಇವರಿಬ್ಬರೂ ಮಾತ್ರ ಕೈ ಹಿಡಿದುಕೊಂಡಿದ್ದರು.

“ಬದುಕಿದ್ದೀಯೇನೇ?” ಅಂದರು ಅತ್ತೆ.

“ಇದ್ದೀನಿ ಅತ್ತೆ.”

“ನಿನ್ನ ಗಂಡ ರಾತ್ರಿ ಸಾರು ಮಾಡಿದ್ದ. ಬದುಕಿರೋದು ನಾನು, ನನ್ನ ಹೊಗಳು.”

ಅತ್ತಿಗೆ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಮೆಲ್ಲಗೆ ಕೇಳಿದಳು: “ರಾತ್ರಿ ಬಚ್ಚಲಿಗೆ ಏನು ಮಾಡ್ದೆ?”

ಒಂದು ರಾತ್ರಿ, ಒಂದು ಸಂಜೆ ಕಳೆದ ಮೇಲೆ ಅದನ್ನು ತಾನಾಗಿ ಕೇಳಿದವಳು ಅವಳೊಬ್ಬಳೇ. “ಬಕೆಟ್ಟು,” ಅಂದೆ. ಅತ್ತಿಗೆ ಕಂಬಿಯೊಳಗೆ ಕೈ ತೂರಿಸಿ ನನ್ನ ಮಣಿಕಟ್ಟು ಹಿಡಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಅವಳ ಬೆರಳು ಬೆಚ್ಚಗಿತ್ತು.

“ಯಾರ ಹೆಸರು ಹೇಳ್ತೀಯಂತೆ ನಾಳೆ?” ಅಂತ ಹಿಂದಿನಿಂದ ಯಾರೋ ಕೇಳಿದರು.

“ನನ್ನ ಮಗನ ಹೆಸರು ಹೇಳಿದ್ರೆ ಇವಳಿಗೆ ತವರಿಲ್ಲ,” ಅಂದರು ಅತ್ತೆ, ನನ್ನ ಬದಲಿಗೆ. “ಅಣ್ಣನ ಹೆಸರು ಹೇಳಿದ್ರೆ ಮನೆಯಿಲ್ಲ. ಇಬ್ಬರೂ ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ ನೋಡು.”

ನಾನು ಇಡೀ ರಾತ್ರಿ ಬಾಯಿಬಿಟ್ಟು ಹೇಳಿಕೊಳ್ಳದ್ದನ್ನು ಅವರು ಕೊಡೆ ಮಡಚುವಷ್ಟು ಸಲೀಸಾಗಿ ಹೇಳಿಬಿಟ್ಟರು.

“ಹಾಗಾದ್ರೆ ಚರ್ಚು ಯಾರದು ಅಜ್ಜೀ?” ಅಂದಳು ಒಬ್ಬಳು ಎಳೆಯ ಬಾಣಂತಿ, ಮಗುವನ್ನು ಹೆಗಲಿಗೆ ಹಾಕಿಕೊಂಡು.

“ನಾನು ನಿನ್ನ ವಯಸ್ಸಲ್ಲಿದ್ದಾಗ ಈ ಕಟ್ಟಡಾನೇ ಇರಲಿಲ್ಲ. ಒಬ್ಬರ ಗೋದಾಮಲ್ಲಿ ಮೂಟೆಗಳ ಮಧ್ಯೆ ಕೂತ್ಕೊಳ್ತಿದ್ವಿ. ಇಲಿ ಓಡಾಡ್ತಿದ್ವು. ಆಗಲೂ ‘ಎಲ್ಲಿಗೆ?’ ಅಂದ್ರೆ ‘ಚರ್ಚಿಗೆ’ ಅಂತಲೇ ಹೇಳ್ತಿದ್ವಿ; ‘ಗೋದಾಮಿಗೆ’ ಅಂತ ಯಾರೂ ಹೇಳ್ತಿರಲಿಲ್ಲ. ಇವಳ ತಾತ ಕಲ್ಲು ಹೊತ್ತಿದ್ದೂ ನೋಡಿದ್ದೀನಿ. ಒಂದು ಕಲ್ಲು ಹೊತ್ತು ಮೂರು ಸಲ ಕೂತು ಸಿಗರೇಟು ಸೇದ್ತಿದ್ದ, ಪಾಪ. ಮಿಕ್ಕಿದ ಕಲ್ಲೆಲ್ಲ ಹೊತ್ತಿದ್ದು ನಾವು, ಹೆಂಗಸರು. ನಾವು ಯಾವ ಗೋಡೆ ಮೇಲೂ ಹೆಸರು ಬರೀಲಿಲ್ಲ.” ಯಾರೋ ತಂದುಕೊಟ್ಟ ಸ್ಟೂಲನ್ನು ಎಳೆದು ಅತ್ತೆ ಕೂತರು. “ಸಾಕು ಮಾತು. ಹಾಡಿ ಯಾರಾದ್ರೂ. ಭಾನುವಾರ ಅಲ್ವಾ?”

ಅತ್ತಿಗೆ ಶುರುಮಾಡಿದಳು. ಎಲ್ಲರಿಗೂ ಬಾಯಿಪಾಠವಾದ ಹಳೆಯ ಕೀರ್ತನೆ. ಮೊದಲ ಸಾಲಿಗೆ ನಾಲ್ಕು ದನಿ, ಎರಡನೆಯದಕ್ಕೆ ಎಷ್ಟೋ. ಬಾಣಂತಿಯ ಮಗು ಅತ್ತಿತು, ಯಾರೋ ಎತ್ತಿಕೊಂಡರು. ಹಾಡು ಮುಗಿದ ಮೇಲೆ ಒಬ್ಬಳು ಗಂಡನ ಕೆಮ್ಮಿಗೆ ಪ್ರಾರ್ಥಿಸಿ ಅಂದಳು, ಪ್ರಾರ್ಥಿಸಿದರು. ಇನ್ನೊಬ್ಬಳು ಏನೂ ಹೇಳದೆ ಬಿಕ್ಕಿದಳು, ಅದಕ್ಕೂ ಪ್ರಾರ್ಥಿಸಿದರು. ಅವರ ಮೇಲೆ ಬಿಸಿಲು ಬಿದ್ದಿತ್ತು. ನಾನು ಗ್ರಿಲ್ಲಿಗೆ ಹಣೆ ಒತ್ತಿ ದನಿಗೂಡಿಸಲು ನೋಡಿದೆ. ನನ್ನ ದನಿ ಹಿಂದಕ್ಕೆ, ಖಾಲಿ ಬೆಂಚುಗಳ ಮೇಲೆ ಹೋಗಿ ಬಿತ್ತು.

ಆಗ ನನಗೆ ತಿಳಿಯಿತು. ಅಲ್ಲಿದ್ದವರಲ್ಲಿ ಚರ್ಚಿಗೆ ಬರಲಾಗದೆ ಉಳಿದವಳು ನಾನೊಬ್ಬಳೇ. ಅವರು ಅಂಗಳದಲ್ಲಿ ಚರ್ಚಿನೊಳಗಿದ್ದರು. ನಾನು ವೇದಿಯ ಪಕ್ಕದಲ್ಲಿ ನಿಂತು ಹೊರಗಿದ್ದೆ.

“ಅತ್ತೇ,” ಅಂದೆ. “ನಾನೂ ಅಲ್ಲಿಗೆ ಬರ್ಬೇಕು.”

ಅತ್ತೆ ಸ್ಟೂಲಿನಿಂದ ಎದ್ದರು. ಕೈ ಚಾಚಿ ಗ್ರಿಲ್ಲನ್ನು ಸವರಿದರು, ಮಗುವಿನ ಮೈಯಲ್ಲಿ ಗಾಯ ಹುಡುಕುವ ಹಾಗೆ, ಒಂದೊಂದು ಕಂಬಿಯನ್ನೂ, ನಾಲ್ಕು ಮೂಲೆಯನ್ನೂ.

“ಇದರ ಸ್ಕ್ರೂ ಎಲ್ಲಿದೆ?”

“ಒಳಗಡೆ. ಕಳ್ಳರು ಬಿಚ್ಚಬಾರದು ಅಂತ ಅಣ್ಣ ಒಳಗಡೆಯಿಂದ ಹಾಕಿಸಿದ.”

“ಒಳಗಡೆ ಅಂದ್ರೆ ನಿನ್ನ ಕಡೆ.”

“ಹ್ಞೂಂ.”

“ಹಾಗಾದ್ರೆ ಈ ಕಿಟಕಿಗೆ ಬೀಗ ಹಾಕ್ಕೊಂಡಿರೋಳು ನೀನೇ ಕಣೇ,” ಅಂದರು ಅತ್ತೆ.

ಕಪಾಳಕ್ಕೆ ಹೊಡೆದ ಹಾಗಾಯಿತು. ನಾಲ್ಕು ಸ್ಕ್ರೂಗಳು. ಪ್ರತಿ ಶನಿವಾರ ನೋಡುತ್ತಿದ್ದ ಸ್ಕ್ರೂಗಳು. ಮೇಲಿನದೊಂದಕ್ಕೆ ನಾನೇ ಒರೆಸುವ ಬಟ್ಟೆ ನೇತುಹಾಕುತ್ತಿದ್ದೆ, ಆಗಲೂ ನೇತಾಡುತ್ತಿತ್ತು. ಒಂದು ಸಂಜೆ, ಒಂದು ರಾತ್ರಿ, ಒಂದು ಬೆಳಿಗ್ಗೆ ನಾನು ಎರಡು ಬಾಗಿಲುಗಳನ್ನೇ ನೋಡಿಕೊಂಡು ಕೂತಿದ್ದೆ, ಇಬ್ಬರಲ್ಲಿ ಯಾರ ಮನಸ್ಸು ಮೊದಲು ಕರಗುತ್ತದೋ ಅಂತ. ಪೆಟ್ಟಿಗೆಯೊಳಗಿನ ಹುಡುಗಿ ಮುಚ್ಚಳವನ್ನು ಒಮ್ಮೆಯೂ ತಳ್ಳಿ ನೋಡಿರಲಿಲ್ಲ.

ಅತ್ತಿಗೆ ಆಗಲೇ ಮಾಯವಾಗಿದ್ದಳು. ಅವರ ಮನೆ ಚರ್ಚಿನ ಎದುರು ಬೀದಿಯಲ್ಲೇ ಇತ್ತು. ಏದುಸಿರು ಬಿಡುತ್ತಾ ವಾಪಸು ಬಂದು ಕಂಬಿಯೊಳಗಿಂದ ಎರಡು ವಸ್ತು ಕೊಟ್ಟಳು: ಹೊಲಿಗೆ ಮಿಷಿನ್ನಿನ ಸ್ಕ್ರೂಡ್ರೈವರು, ಉದ್ದ ಮೂತಿಯ ಎಣ್ಣೆ ಡಬ್ಬಿ.

“ತುಕ್ಕು ಹಿಡಿದಿರುತ್ತೆ. ಮೊದ್ಲು ಎಣ್ಣೆ ಬಿಡು, ಸ್ವಲ್ಪ ಹೊತ್ತು ತಡಿ, ಆಮೇಲೆ ತಿರುಗಿಸು.” ಹಾಗಂದವಳು ಹೆಂಗಸರ ಕಡೆ ತಿರುಗಿ, “ಇನ್ನೊಂದು ಹಾಡಿ, ಜೋರಾಗಿ ಹಾಡಿ,” ಅಂದಳು.

ಹೆಂಗಸರು ಹಾಡಿದರು. ಅಷ್ಟು ಜೋರಾಗಿ ಅವರು ಒಳಗೆ ಯಾವತ್ತೂ ಹಾಡಿದವರಲ್ಲ. ತುಕ್ಕಿನ ಕಿರುಗುಟ್ಟುವಿಕೆ ಆ ದನಿಯಲ್ಲಿ ಮುಳುಗಿತು. ಮೂರು ಸ್ಕ್ರೂ ಬಂದವು. ನಾಲ್ಕನೆಯದು ನನ್ನ ಅಂಗೈ ಸುಲಿಯಿತು; ಕೊನೆಗೆ ಅದೂ ಸೋತು ತಿರುಗಿತು. ಅತ್ತಿಗೆ, ಬಾಣಂತಿ ಇಬ್ಬರೂ ಹೊರಗಿನಿಂದ ಗ್ರಿಲ್ಲನ್ನು ಹಿಡಿದು, ಸದ್ದಾಗದ ಹಾಗೆ ಗೋಡೆಗೆ ಒರಗಿಸಿದರು.

ಕಿಟಕಿ ಬರಿದಾಯಿತು. ನಾನು ಮೊದಲು ಬೋಗುಣಿಯನ್ನು ಕೊಟ್ಟೆ. “ಅಲ್ಲಾಡಿಸ್ಬೇಡ, ಮೊದಲ ನೀರು,” ಅಂದೆ. ಅತ್ತಿಗೆ ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಮಡಚಿದ ಬಟ್ಟೆ. ಆಮೇಲೆ ಕುರ್ಚಿ ಹತ್ತಿ, ನನ್ನ ವಯಸ್ಸಿಗೂ ಮೈಗೂ ಒಪ್ಪದ ರೀತಿಯಲ್ಲಿ ನಾನು. ಸೊಂಟದ ಹತ್ತಿರ ಸಿಕ್ಕಿಕೊಂಡೆ.

“ಬ್ರೆಡ್ಡು ಕಮ್ಮಿ ತಿನ್ನಬೇಕಿತ್ತು,” ಅಂದರು ಅತ್ತೆ.

ನಗುತ್ತಲೇ ಎಳೆದರು, ನಗುತ್ತಲೇ ಬಿದ್ದೆ, ಯಾರದೋ ತೋಳಿನ ಮೇಲೆ. ಕಾಲ ಕೆಳಗೆ ಸಿಮೆಂಟು ಬಿಸಿಯಾಗಿತ್ತು.

ಹಾಡು ನಿಂತಿದ್ದಕ್ಕೇ ಗಂಡಸರಿಗೆ ಅನುಮಾನ ಬಂದಿರಬೇಕು. ಒಂದು ಕಡೆಯಿಂದ ಯಜಮಾನರು, ಇನ್ನೊಂದು ಕಡೆಯಿಂದ ಅಣ್ಣ, ಹಿಂದೆ ಅವರವರ ಜನ. ಯಜಮಾನರು ನನ್ನನ್ನು ನೋಡಿದರು, ಗ್ರಿಲ್ಲನ್ನು ನೋಡಿದರು, ಕಿಟಕಿಯನ್ನು ನೋಡಿದರು.

“ಒಳಗೆ ಯಾರಿದ್ದಾರೆ?”

“ಯಾರೂ ಇಲ್ಲ.”

“ಯಾರೂ ಇಲ್ಲ ಅಂದ್ರೆ?” ವಕೀಲರ ಸಮಾಧಾನದ ದನಿ ಮೊದಲ ಸಲ ಏರಿತು. “ಮೇಷ್ಟ್ರೇ, ವಶ ಹೋಯ್ತು!”

ಯಜಮಾನರು ಹತ್ತಿರ ಬಂದು, ನನಗಷ್ಟೇ ಕೇಳುವ ಹಾಗೆ ಹೇಳಿದರು: “ವಾಪಸ್ ಹೋಗು. ಇವತ್ತೊಂದು ದಿನ. ನಮ್ಮವರು ಬಿಟ್ರೆ ಯಾರೂ ನೋಡಿಲ್ಲ. ಗ್ರಿಲ್ಲು ನಾನೇ ಹಿಡ್ಕೊಳ್ತೀನಿ, ನೀನು ಸ್ಕ್ರೂ ಹಾಕು.”

“ಭಾವ ಹೇಳೋದು ಸರಿ ಪುಟ್ಟೀ,” ಅಂದ ಅಣ್ಣ. “ಒಳಗೆ ಹೋಗು. ಯಾರ ಪರ ಅನ್ನೋದನ್ನ ಆಮೇಲೆ ನೋಡ್ಕೊಳ್ಳೋಣ. ನಿಂಗೆ ಕೈ ಮುಗೀತೀನಿ.”

ಮುಂಬಾಗಿಲಿಗೆ ಸರಪಳಿ ಬಿದ್ದ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಇಬ್ಬರ ಕಣ್ಣಲ್ಲೂ ಪ್ರೀತಿ ಇತ್ತು, ಅದು ನಿಜ. ಆ ಪ್ರೀತಿಗೆ ಕೊಟ್ಟು ಕೊಟ್ಟು ನನಗೆ ಅಭ್ಯಾಸವಾಗಿತ್ತು. ಕಾಲು ಒಂದು ಕ್ಷಣ ಕಿಟಕಿಯ ಕಡೆಗೇ ತಿರುಗಿತು. ಪೂರ್ತಿ ತಿರುಗಿ ಬಿಡುತ್ತಿತ್ತೇನೋ.

ಅತ್ತಿಗೆ ಬೋಗುಣಿಯನ್ನು ನನ್ನ ಕೈಗೆ ಕೊ‌ಟ್ಟಳು.

“ದಾರಿ ಬಿಡಿ,” ಅಂದೆ. “ಮೊದಲ ನೀರು ಇದೆ.”

ಆ ಮಾತಿಗೆ ಅವರಿಬ್ಬರೂ ಹಿಂದೆ ಸರಿದರು. ಯೋಚಿಸಿ ಸರಿದದ್ದಲ್ಲ, ಚಿಕ್ಕಂದಿನಿಂದ ಅಮ್ಮಂದಿರು ಆ ಬೋಗುಣಿ ಹಿಡಿದು ಬಂದಾಗಲೆಲ್ಲ ಸರಿದು ಸರಿದು ಮೈಗೆ ಬಂದದ್ದು. ಅವರ ಹಿಂದಿನವರೂ ಸರಿದರು. ಕಿಟಕಿಯಿಂದ ಗುಲಾಬಿಯವರೆಗೆ ನಾಲ್ಕು ಹೆಜ್ಜೆಯ ದಾರಿಯಾಯಿತು. ಬುಡದಲ್ಲಿ ಕೂತು ನೀರನ್ನು ಮೆಲ್ಲಗೆ ಸುರಿದೆ. ತೆಳು ಗುಲಾಬಿ ಬಣ್ಣದ ನೀರು. ಒಣಗಿದ ಮಣ್ಣು ಅದನ್ನು ಗಟಗಟ ಕುಡಿಯಿತು. ಕೊನೆಯ ಹನಿ ಇಂಗುವವರೆಗೂ ಎಲ್ಲರೂ ನಿಂತಲ್ಲೇ ನಿಂತಿದ್ದರು. ವಕೀಲರೂ ಕೂಡ.

“ನಾಳೆ ಅಧಿಕಾರಿ ಕೇಳಿದ್ರೆ ಏನಂತೀಯ?” ಯಜಮಾನರ ದನಿಯಲ್ಲಿ ಸಿಟ್ಟಿಗಿಂತ ದಿಗಿಲು ಹೆಚ್ಚಿತ್ತು.

“ಬಟ್ಟೆ ಒಗೆಯೋಕೆ ಹೋಗಿದ್ದೆ, ನೀವಿಬ್ಬರೂ ಬೀಗ ಹಾಕಿದ್ರಿ, ಕಿಟಕೀಲಿ ಬಂದೆ ಅಂತೀನಿ.”

“ಅಷ್ಟೇನಾ?”

“ಆಗಿದ್ದು ಅಷ್ಟೇ ಅಲ್ವಾ?”

“ನಡಿ,” ಅಂದರು ಅತ್ತೆ, ನನ್ನ ತೋಳು ಹುಡುಕಿ ಹಿಡಿದು. “ಮನೆಗೆ ಹೋಗಿ ಅಡಿಗೆ ಮಾಡು. ಇನ್ನೊಂದು ದಿನ ಅವನ ಸಾರು ಕುಡಿದ್ರೆ ನಾನು ಉಳಿಯಲ್ಲ.” ಅವರ ಭಾರವೆಲ್ಲ ನನ್ನ ತೋಳಿಗೆ ಬಂತು. ಬಿಡುಗಡೆಯಾದವಳಿಗೆ ಅಡಿಗೆ ಮನೆ ಕಾದಿತ್ತು. ನಾವು ಗೇಟು ದಾಟುವಾಗ ಹಿಂದೆ ಹೊಸ ಜಗಳ ಶುರುವಾಗಿತ್ತು: ಈಗ ಕಿಟಕಿ ಕಾಯುವವರು ಯಾರು?

ಮನೆಗೆ ಬಂದು ಸ್ವಲ್ಪ ಹೊತ್ತಿಗೆ ಯಜಮಾನರೂ ಬಂದರು. ಒಳಗೆ ಬಂದವರೇ ಎಂದಿನಂತೆ ಬಾಗಿಲು ಹಾಕಿ ಚಿಲಕ ಸೇರಿಸಿದರು. ಆ ಸದ್ದಿಗೆ ನನ್ನ ಬೆನ್ನು ಸೆಟೆಯಿತು. ಕೈ ನೀರಿನಲ್ಲಿತ್ತು, ಎರಡನೇ ನೀರಿನಲ್ಲಿ. ಸೋಪು ಹಾಕಿ ಎಷ್ಟು ಉಜ್ಜಿದರೂ ಕಲೆಯ ಅಂಚು ಪೂರ್ತಿ ಹೋಗಿರಲಿಲ್ಲ.

ಕೈ ಒರೆಸಿಕೊಂಡು ಎದ್ದು ಹೋಗಿ ಚಿಲಕ ತೆಗೆದೆ. ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಿಟ್ಟೆ.

“ಯಾಕೆ?” ಅಂದರು ಅವರು.

“ಬಟ್ಟೆ ಒಣಹಾಕ್ಬೇಕು, ಓಡಾಡ್ತಾ ಇರ್ತೀನಿ.”

ಅವರು ಗೋಡೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡಿದರು. ಅಂಗೈಯ ಸುಲಿದ ಗಾಯವನ್ನೂ ನೋಡಿದರು. ಆಮೇಲೆ ಜೇಬಿನಿಂದ ಹೊಸ ಬೀಗದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು. ನಾನು ಅದನ್ನು ಮುಟ್ಟಲಿಲ್ಲ. ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬಿಸಿಲಿಗೆ ಹೋದೆ.